ಹಿಂದಿ ಮಟ್ಟಿನ ಆರತಿ ಪದ

ನನಗೆ ಒಂದು ರಾಗದ ಹೆಸರೂ ಗೊತ್ತಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಸ್ಕೂಲಿನಲ್ಲಿ ಪಾಠ ಮಾಡಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳೆಲ್ಲ ಒಂದು ದಾರಿ ಹಿಡಿದರೆ ನಾನೊಂದು ದಾರಿ ಹಿಡಿಯುತ್ತಿದ್ದೆ. ಆದರೂ ಅರವತ್ತರ ದಶಕದ ಶುರುವಿನ ಯಾವುದಾದರೂ ಸಿನಿಮಾ ಹಾಡು ಕಿವಿಗೆ ಬಿದ್ದರೆ ಸಾಕು, ಮುಂದಿನ ಸಾಲು ತಾನಾಗಿ ಬಾಯಿಗೆ ಬರುತ್ತದೆ. ಬರುವುದು ಸಿನಿಮಾದ ಸಾಲಲ್ಲ, ನಮ್ಮ ಅತ್ತೆ ಕಟ್ಟಿದ ಸಾಲು. ಮೊಮ್ಮಕ್ಕಳು ನಗುತ್ತವೆ. ಅದು ಹುಡುಗ ಹುಡುಗಿ ಮರ ಸುತ್ತುವ ಹಾಡಂತೆ, ನಾನು ಅದರಲ್ಲಿ ತೊಟ್ಟಿಲು ತೂಗುತ್ತೇನಂತೆ. ನಗಲಿ. ನನ್ನ ಹತ್ತಿರ ಇರುವ ಸಂಗೀತವೆಲ್ಲ ಅತ್ತೆ ಕೊಟ್ಟಿದ್ದು, ಅದನ್ನು ನಾನು ಯಾವ ರೇಡಿಯೋಗೂ ಬದಲು ಕೊಡುವುದಿಲ್ಲ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಹೋಗಿ, ಇಪ್ಪತ್ತಕ್ಕೆಲ್ಲ ತವರಿಗೆ ಬಂದುಬಿಟ್ಟಿದ್ದಳು. ಹಣೆಯ ಮೇಲೆ ವಿಭೂತಿ ಮಾತ್ರ. ಚಾಮರಾಜನಗರದ ನಮ್ಮ ಮನೆಯ ಅಡುಗೆ, ಹಿತ್ತಿಲು, ಎಮ್ಮೆ, ನಾವು ಮಕ್ಕಳು, ಎಲ್ಲವೂ ಅವಳ ಕೈಯಲ್ಲಿ. ಮದುವೆ ಮನೆಯಲ್ಲಿ ಮಾತ್ರ ಅವಳ ಜಾಗ ಒಳಮನೆಯ ಬಾಗಿಲ ಹಿಂದೆ.

ನಮ್ಮ ಹಿತ್ತಿಲಿನ ಆಚೆಗೆ ಒಂದು ಬಯಲಿತ್ತು. ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ಸಿನಿಮಾ ಟೆಂಟು ಹಾಕುತ್ತಿದ್ದರು. ಸಂಜೆ ಮೊದಲ ಆಟಕ್ಕೆ ಮುಂಚೆ ಒಂದು ಗಂಟೆ ಹೊತ್ತು ಮೈಕಿನಲ್ಲಿ ಹಾಡಿನ ಪ್ಲೇಟು ಹಾಕುವುದು ರೂಢಿ. ಊರಿಗೆಲ್ಲ ಅದೇ ಗಡಿಯಾರ. ಭಕ್ತಿಗೀತೆ ಬಂದರೆ ಟಿಕೆಟ್ ಕೊಡಲು ಶುರುವಾಯಿತು ಅಂತ, ಅದು ಮುಗಿದರೆ ಓಡಬೇಕು ಅಂತ. ಕನ್ನಡ, ತಮಿಳು, ಹಿಂದಿ ಎಂಬ ಭೇದವೇನೂ ಆ ಟೆಂಟಿಗೆ ಇರಲಿಲ್ಲ. ಯಾವ ಸಿನಿಮಾದ ರೀಲಿನ ಡಬ್ಬ ಬಸ್ಸಿನಲ್ಲಿ ಬಂದು ಇಳಿಯಿತೋ ಅದೇ ಆ ವಾರದ ಆಟ.

ಆ ಹೊತ್ತಿಗೆ ಅತ್ತೆ ಹಿತ್ತಿಲಲ್ಲಿ ಪಾತ್ರೆ ಹಾಕಿಕೊಂಡು ಕೂರುತ್ತಿದ್ದಳು. ನಮ್ಮ ಮನೆಯ ತಪ್ಪಲೆಗಳು ಆ ಕಾಲದಲ್ಲಿ ಹೊಳೆದಷ್ಟು ಮತ್ತೆಂದೂ ಹೊಳೆಯಲಿಲ್ಲ. ಒಂದೇ ಪಾತ್ರೆಯನ್ನು ಮೂರು ಹಾಡಿನಷ್ಟು ಹೊತ್ತು ಉಜ್ಜಿದರೆ ಹೊಳೆಯದೆ ಏನು ಮಾಡೀತು. ಒಂದು ಮಟ್ಟು ಮೂರು ಸಂಜೆ ಕಿವಿಗೆ ಬಿದ್ದರೆ ಅದು ಅವಳದಾಯಿತು. ನಾಲ್ಕನೆಯ ದಿನ ಆ ಮಟ್ಟಿಗೆ ಅವಳದೇ ಮಾತು ಕೂತಿರುತ್ತಿತ್ತು. ಆರತಿಗೊಂದು, ಬಳೆ ತೊಡಿಸುವುದಕ್ಕೊಂದು, ತೊಟ್ಟಿಲಿಗೊಂದು. ಬೀದಿಯಲ್ಲಿ ಮದುವೆ ಗೊತ್ತಾಯಿತೆಂದರೆ ಮುತ್ತೈದೆಯರು ಅಕ್ಕಿ ಆರಿಸುವ ನೆಪದಲ್ಲಿ ಮೊರ ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅತ್ತೆ ಪದ ಹೇಳಿಕೊಡುವಳು, ಅವರು ಕಲಿಯುವರು. ಮದುವೆ ದಿನ ಅವರು ಹಸೆಯ ಮುಂದೆ ನಿಂತು ಹಾಡಿದರೆ ಇವಳು ಬಾಗಿಲ ಹಿಂದೆ ನಿಂತು ಕೇಳುವಳು. ಹೊಸ ಮಟ್ಟಿನ ಪದ ಬೇಕೆಂದರೆ ಆ ಮನೆಗೇ ಹೋಗಬೇಕು ಎಂದು ಊರಲ್ಲಿ ಮಾತಿತ್ತು. ಅವಳಿಗೆ ಅಂತ ಇದ್ದದ್ದು ಅದೊಂದೇ.

ಪದ ಕಟ್ಟುವುದಕ್ಕೂ ಅವಳದೊಂದು ಕಟ್ಟುನಿಟ್ಟು ಇತ್ತು. ಆ ಹಾಡು ಸಿನಿಮಾದಲ್ಲಿ ಯಾವ ಸಂದರ್ಭದ್ದು ಅಂತ ತಿಳಿಯದೆ ಮುಟ್ಟುತ್ತಿರಲಿಲ್ಲ. ಅಳುವ ಹಾಡಿಗೆ ಆರತಿ ಪದ ಕಟ್ಟಬಾರದಲ್ಲ. ಅವಳು ಟೆಂಟಿಗೆ ಹೋಗುವಂತಿಲ್ಲ. ಟೆಂಟಿನ ಬಾಗಿಲಲ್ಲಿ ಮಾರುವ ಹಾಡಿನ ಪುಸ್ತಕ ನೋಡಿದರೆ ಅದರಲ್ಲಿ ಅರ್ಧ ಕಥೆ ಹೇಳಿ, ಉಳಿದದ್ದನ್ನು ಪರದೆಯ ಮೇಲೆ ನೋಡಿ ಆನಂದಿಸಿ ಅಂತ ಕೈತೊಳೆದುಕೊಂಡಿರುತ್ತಿದ್ದರು. ಹೀಗಾಗಿ ನೋಡಿ ಬಂದು ಹೇಳುವ ಕೆಲಸ ಒಂಬತ್ತು ವರ್ಷದ ನನ್ನದಾಯಿತು. ಸಿನಿಮಾ ಹುಚ್ಚಿನ ಚಿಕ್ಕಪ್ಪನೊಬ್ಬನಿದ್ದ. ಅವನ ಜೊತೆ ನನ್ನನ್ನು ಕಳಿಸಲು ಅತ್ತೆಯೇ ಅಪ್ಪನ ಹತ್ತಿರ ಏನಾದರೂ ಹೇಳಿ ಒಪ್ಪಿಸುತ್ತಿದ್ದಳು. ಬಂದು ಊಟಕ್ಕೆ ಕೂತರೆ, ಅವಳು ಬಡಿಸುತ್ತಾ ಒಂದೊಂದೇ ಹಾಡಿನ ವಿಷಯ ಕೇಳುವಳು. ಅಷ್ಟು ಗಮನ ಕೊಟ್ಟು ನನ್ನ ಮಾತನ್ನು ಆಮೇಲೆ ಯಾರೂ ಕೇಳಿಲ್ಲ, ನನ್ನ ಕ್ಲಾಸಿನ ಮಕ್ಕಳಂತೂ ಕೇಳಲೇ ಇಲ್ಲ.

ಅಕ್ಕನ ಮದುವೆ ಗೊತ್ತಾದ ವರ್ಷ ಒಂದು ಹಿಂದಿ ಸಿನಿಮಾ ಬಂತು. ಅದರಲ್ಲೊಂದು ಹಾಡು. ಹಿಂದಿ ನಮ್ಮ ಬೀದಿಯಲ್ಲಿ ಯಾರಿಗೂ ಬಾರದು, ಹೆಂಗಸರು ಹಿಂದಿ ಆಟಕ್ಕೆ ಹೋಗುತ್ತಲೂ ಇರಲಿಲ್ಲ. ಆದರೆ ಆ ಮಟ್ಟು ಎಷ್ಟು ಚೆನ್ನಾಗಿತ್ತೆಂದರೆ, ಅದು ಮೈಕಿನಲ್ಲಿ ಬಂದಾಗ ಅತ್ತೆ ಪಾತ್ರೆ ಉಜ್ಜುವುದನ್ನೇ ನಿಲ್ಲಿಸಿಬಿಟ್ಟಳು. ಅಕ್ಕನ ಆರತಿಗೆ ಇದೇ ಎಂದಳು. ಮಾರನೆಯ ದಿನವೇ ನಾನು ಚಿಕ್ಕಪ್ಪನ ಜೊತೆ ಹೊರಟೆ.

ಅವತ್ತು ಬೆಳಗಿಂದ ಮನೆಗೆ ಸುಣ್ಣ ಹೊಡೆಯುವ ಸಡಗರದಲ್ಲಿ ಕುಣಿದು ಸುಸ್ತಾಗಿದ್ದೆ. ಟೆಂಟಿನ ಮರಳು ತಣ್ಣಗಿತ್ತು, ಪರದೆಯ ಮೇಲಿನವರು ಆಡುವ ಮಾತು ಒಂದೂ ತಿಳಿಯದು. ಮೊದಲ ರೀಲಿಗೇ ನಿದ್ದೆ ಹೋದವಳನ್ನು ಚಿಕ್ಕಪ್ಪ ಆಟ ಮುಗಿದ ಮೇಲೆ ಎತ್ತಿ ನಿಲ್ಲಿಸಿದ.

ಮನೆಗೆ ಬಂದರೆ ಅತ್ತೆ ತಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಅವಳ ಮುಖ ನೋಡಿ, ಮಲಗಿಬಿಟ್ಟೆ ಅಂತ ಹೇಳಲು ಬಾಯಿ ಬರಲಿಲ್ಲ. ಮದುಮಗಳು ಗಂಡನ ಮನೆ ಹೊಸಿಲು ದಾಟುವಾಗ ಎಲ್ಲ ಹೆಂಗಸರೂ ಸೇರಿ ಆ ಹಾಡು ಹೇಳುತ್ತಾರೆ ಎಂದುಬಿಟ್ಟೆ. ಸಾಲದ್ದಕ್ಕೆ ಮದುಮಗಳ ಸೀರೆಯ ಜರಿಯ ಬಗ್ಗೆಯೂ ಹೇಳಿದೆ. ಬಣ್ಣವಿಲ್ಲದ ಸಿನಿಮಾದ ಸೀರೆಗೆ ಹಸಿರು ಬಣ್ಣ ಕೊಟ್ಟವಳು ನಾನೊಬ್ಬಳೇ ಇರಬೇಕು. ಅತ್ತೆ ನನ್ನನ್ನೇ ನೋಡಿ, ಇನ್ನೊಂದು ಸೌಟು ಸಾರು ಬಡಿಸಿದಳು.

ಅಕ್ಕನನ್ನು ಕೊಟ್ಟದ್ದು ಗುಂಡ್ಲುಪೇಟೆಗೆ, ಈರುಳ್ಳಿ ವ್ಯಾಪಾರದ ಮನೆಗೆ. ಮದುವೆ ನಮ್ಮ ಮನೆಯ ಚಪ್ಪರದಲ್ಲಿ. ಧಾರೆ ಮುಗಿದು, ಹಸೆಯ ಮೇಲೆ ಕೂತ ಹೆಣ್ಣು ಗಂಡಿಗೆ ಆರತಿ ಎತ್ತಿದಾಗ ಮುತ್ತೈದೆಯರು ಆ ಪದ ಶುರು ಮಾಡಿದರು.

ಬಾಳೆಕಂದು ನೆಟ್ಟಂಗೆ ಬಾಳಲಿ ನಿಮ್ ಮನೆಯು
ಹಾಲುಕ್ಕಿ ಹರಿಯಲಿ ಹೊಸಿಲಿಗೆ

ಮೊದಲ ನುಡಿ ಮುಗಿದು ಎರಡನೆಯದಕ್ಕೆ ಬಂದಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. ಮೈಸೂರಿನಲ್ಲಿ ನೌಕರಿಯಲ್ಲಿದ್ದವರು, ಆ ಸಿನಿಮಾ ಅಲ್ಲೇ ನೋಡಿದ್ದರು.

"ನಿಲ್ಸಿ ಅದ್ನ," ಎಂದರು. "ಅದು ಸತ್ತೋರ ಎಣದ ಮುಂದೆ ಕೂತ್ಕಂಡು ಅಳೋ ಪದ. ಯಾರು ಕಟ್ಟಿದ್ದು ಇದ?"

ಆರತಿ ತಟ್ಟೆ ಅರ್ಧಕ್ಕೇ ಕೆಳಗಿಳಿಯಿತು. ಎಲ್ಲರ ಕಣ್ಣೂ ಒಳಮನೆಯ ಬಾಗಿಲಿನ ಕಡೆ. ಅಪ್ಪನ ಮುಖ ಕಪ್ಪಿಟ್ಟಿತು. ನಿಜ ಬಲ್ಲ ಚಿಕ್ಕಪ್ಪ ಹಿತ್ತಿಲಲ್ಲಿ ಪಂಕ್ತಿಗೆ ಎಲೆ ಹಾಕಿಸುತ್ತಿದ್ದ. ನಾನು ಅಕ್ಕನ ಪಕ್ಕದಲ್ಲೇ ಅಕ್ಷತೆಯ ಬಟ್ಟಲು ಹಿಡಿದು ನಿಂತಿದ್ದೆ. ಅತ್ತೆ ಹೊಸಿಲಿನವರೆಗೆ ಬಂದಳು, ಅದನ್ನು ದಾಟಲಿಲ್ಲ.

"ತಪ್ಪು ನಂದೇ," ಎಂದಳು. "ಸರ್ಯಾಗಿ ಕೇಳ್ದೆ ಕಟ್ಬುಟ್ಟೆ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಯಾರೋ ಹಳೆಯ ಸೋಬಾನೆ ಪದ ಎತ್ತಿಕೊಂಡರು, ಆರತಿ ಮುಗಿಯಿತು, ಊಟವಾಯಿತು, ಅಕ್ಕ ಗುಂಡ್ಲುಪೇಟೆಗೆ ಹೋದಳು. ಆದರೆ ಆಡುವ ಬಾಯಿ ಸುಮ್ಮನಿರುತ್ತದೆಯೇ. ತನಗೆ ದಕ್ಕದ್ದು ಇನ್ನೊಬ್ಬಳಿಗೂ ದಕ್ಕಬಾರದು ಅಂತ ಬೇಕೆಂದೇ ಕಟ್ಟಿದಳು ಎಂದರು. ಅವಳ ಪದ ಕಲಿತು ಹೆಸರು ತೆಗೆದುಕೊಂಡವರೇ ಅಂದರು. ಆಮೇಲೆ ಮೊರ ಹಿಡಿದು ನಮ್ಮ ಪಡಸಾಲೆಗೆ ಯಾರೂ ಬರಲಿಲ್ಲ.

ಅತ್ತೆ ಬೈಯಲಿ ಅಂತ ಎಷ್ಟು ದಿನ ಕಾದೆನೋ. ಅವಳು ಎಂದಿನಂತೆ ನನಗೆ ತಲೆ ಬಾಚಿದಳು, ಜಡೆ ಹಾಕಿದಳು, ಮುಂದಿನ ವಾರದ ಸಿನಿಮಾಗೂ ಕಳಿಸಿದಳು. ನನ್ನನ್ನು ಓದಿಸಬೇಕೆಂದು ಅಪ್ಪನ ಜೊತೆ ಜಗಳ ಕಾದವಳೂ ಅವಳೇ. ನಾನು ಟೀಚರ್ ಟ್ರೈನಿಂಗಿನಲ್ಲಿದ್ದಾಗ ತೀರಿಹೋದಳು. ಆ ಸುಳ್ಳು ನನ್ನ ಹತ್ತಿರವೇ ಉಳಿಯಿತು. ಅವಳಿಗೆ ಇದ್ದ ಒಂದೇ ಒಂದನ್ನು ನಾನು ಕಿತ್ತುಕೊಂಡೆ ಎಂಬುದು ಅರವತ್ತು ವರ್ಷ ನನ್ನನ್ನು ಬಿಟ್ಟಿರಲಿಲ್ಲ.

ಹೋದ ವರ್ಷ ಗುಂಡ್ಲುಪೇಟೆಯಲ್ಲಿ ಅಕ್ಕನ ಮೊಮ್ಮಗಳ ಮದುವೆ. ಹೈವೇ ಪಕ್ಕದ ಕಲ್ಯಾಣ ಮಂಟಪ, ಹೊರಗೆ ಕೇರಳದ ಲಾರಿಗಳ ಹಾರನ್ನು, ಒಳಗೆ ಆರ್ಕೆಸ್ಟ್ರಾ. ಹಿಂದಿನ ದಿನ ಸಂಜೆ ಹಿರಿಯರಿಗೆ ಅಂತ ಹಳೆಯ ಹಾಡು ಶುರು ಮಾಡಿದರು. ಆ ಹಿಂದಿ ಹಾಡು ಬಂತು. ಪಕ್ಕದ ಕುರ್ಚಿಯಲ್ಲಿ ಎಂಬತ್ತು ದಾಟಿದ ಅಕ್ಕ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ನಿದ್ದೆ ಮಾಡಿದ್ದು, ಸುಳ್ಳು ಹೇಳಿದ್ದು, ಅಕ್ಷತೆ ಬಟ್ಟಲು ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿದ್ದು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ.

ಅಕ್ಕ ನಕ್ಕಳು. ಅತ್ತೆಗೆ ಅದು ಮದುವೆಗೆ ಮುಂಚೆಯೇ ಗೊತ್ತಿತ್ತಂತೆ. ನನ್ನ ಹಸಿರು ಸೀರೆಯ ಕಥೆ ಕೇಳಿದ ಮಾರನೆಯ ಬೆಳಿಗ್ಗೆಯೇ ಚಿಕ್ಕಪ್ಪನಿಗೆ ರೊಟ್ಟಿ ಹಾಕುತ್ತಾ ವಿಚಾರಿಸಿದ್ದಳಂತೆ. ಅವನು ಇದ್ದದ್ದು ಇದ್ದಂಗೆ ಹೇಳಿದ್ದ. ಅಕ್ಕನ ಮೊದಲ ಬಾಣಂತನಕ್ಕೆ ನಿಂತಾಗ, ಮಗುವನ್ನು ಅದೇ ಮಟ್ಟಿನಲ್ಲಿ ತೂಗುತ್ತಾ ಅತ್ತೆಯೇ ಇದನ್ನು ಹೇಳಿದ್ದಳಂತೆ.

"ಗೊತ್ತಿದ್ದೂ ಯಾಕ್ ಕಟ್ಟಿದ್ದಂತೆ?" ಎಂದೆ.

"ನಾನೂ ಅದ್ನೇ ಕೇಳ್ದೆ ಕಣಮ್ಮಿ," ಎಂದಳು ಅಕ್ಕ. "ಇಂಥಾ ಚೆಂದದ ಮಟ್ಟ ಸಾವ್ಗೆ ಯಾಕ್ ಬುಟ್ಕೊಡನ, ನನ್ ತಾವಿಂದ ಅದು ತಕಂಡಿರದು ಸಾಲ್ದಾ, ಅಂದ್ಲು."

ಆರ್ಕೆಸ್ಟ್ರಾದವರು ಮುಂದಿನ ಹಾಡಿಗೆ ಹೋಗಿದ್ದರು. ಅಕ್ಕ ನನ್ನ ಕಡೆ ವಾಲಿ, ಆ ಪದಕ್ಕೆ ಮೂರನೆಯ ನುಡಿಯೂ ಇದೆ, ಮದುವೆಗೆ ಅಂತ ಕಟ್ಟಿದರೂ ಮುತ್ತೈದೆಯರಿಗೆ ಹೇಳಿಕೊಡಲು ಅತ್ತೆಗೆ ನಾಚಿಕೆಯಾಗಿತ್ತಂತೆ ಎಂದಳು. ಸಣ್ಣ ದನಿಯಲ್ಲಿ ಹೇಳಿಕೊಟ್ಟಳು.

ಕದದ ಹಿಂದೆ ನಿಂತೋಳ ನೆನೆಯಮ್ಮ ನನ ಮಗಳೆ
ಆರತಿ ಬೆಳಕು ಅಲ್ಲಿಗೂ ಬರಲಿ

ಮಾರನೆಯ ದಿನ ಆರತಿಯ ಹೊತ್ತಿಗೆ ಅಕ್ಕ ನನ್ನ ಕೈ ಹಿಡಿದು ಎಬ್ಬಿಸಿದಳು. ನಾವಿಬ್ಬರೂ ಈಗ ಗಂಡನನ್ನು ಕಳೆದುಕೊಂಡವರು. ಹಸೆಯ ಮುಂದೆ ಹೋಗಿ ನಿಂತೆವು. ಯಾವುದೋ ಹುಡುಗಿ ಮೈಕು ತಂದು ಕೈಗಿಟ್ಟಳು. ಎದುರಿಗೆ ಗಂಡಿನ ಕಡೆಯವರು, ನಮ್ಮವರು, ಚಾಮರಾಜನಗರದಿಂದ ಬಂದ ನಮ್ಮ ಬೀದಿಯವರ ಮಕ್ಕಳು ಮೊಮ್ಮಕ್ಕಳು. ಒಂಬತ್ತು ವರ್ಷದಲ್ಲಿ ಆಡಬೇಕಾಗಿದ್ದ ಮಾತನ್ನು ಎಪ್ಪತ್ತು ದಾಟಿದ ಮೇಲೆ ಆಡಿದೆ.

"ಈ ಪದ ಕಟ್ಟಿದ್ದು ನಮ್ಮತ್ತೆ," ಎಂದೆ. "ಸುಳ್ ಏಳಿದ್ದು ನಾನು. ಅವ್ಳು ಏನೂ ತಪ್ ಮಾಡಿರ್ನಿಲ್ಲ."

ಜನಕ್ಕೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅಕ್ಕ ಮೊದಲ ಸಾಲು ಎತ್ತಿದಳು, ನಾನು ಸೇರಿಕೊಂಡೆ. ನನ್ನ ಶ್ರುತಿ ಎಲ್ಲಿಗೋ ಹೋಯಿತು. ಮೂರು ನುಡಿ ಮುಗಿಯುವವರೆಗೂ ಆರತಿ ತಟ್ಟೆ ಕೆಳಗಿಳಿಯಲಿಲ್ಲ.