ಖಳನಾಯಕನ ಗುಲಾಬಿ ಕೆನ್ನೆ

ನಾನು ಚಿಕ್ಕವನಿದ್ದಾಗ, ಸಿನಿಮಾದ ಒಬ್ಬ ನಟರ ಮುಖ ನಿಜವಾಗಿಯೂ ಹಸಿರು ಎಂದು ನಂಬಿದ್ದೆ. ಅಪ್ಪ ಶಿವಾಜಿನಗರದ ಶೆಡ್ಡೊಂದರಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದರು. ಅಂಗೈಯಗಲದ ಫೋಟೊ ನೋಡಿಕೊಂಡು, ಬಟ್ಟೆಯ ಮೇಲೆ ಚೌಕ ಹಾಕಿ, ಗೋಡೆಯೆತ್ತರದ ಮುಖ ಬರೆಯುವ ಕೆಲಸ. ನಾಯಕನ ಕೆನ್ನೆಗೆ ಗುಲಾಬಿ, ಖಳನಾಯಕನ ಕೆನ್ನೆಗೆ ಹಸಿರು. ಬಸ್ಸಿನಲ್ಲಿ ಹೋಗುವವರಿಗೂ ಕೆಟ್ಟವನು ಯಾರೆಂದು ತಿಳಿಯಬೇಕಲ್ಲ! ನಾಟಕ ಕಂಪನಿಯಿಂದ ಬಂದಿದ್ದ ಆ ನಟರಿಗೆ ಸಿಗುತ್ತಿದ್ದುದು ಖಳನ ಪಾತ್ರವೇ. ಹಾಗಾಗಿ ನಮ್ಮ ಶೆಡ್ಡಿನಲ್ಲಿ ಅವರು ಸದಾ ಹಸಿರು.

ಒಂದು ಮಧ್ಯಾಹ್ನ ಅಪ್ಪ ಆ ನಟರ ಮುಖ ಬರೆದು ಮುಗಿಸಿ ಚಹಾಕ್ಕೆ ಹೋದರು. ಹಸಿ ಬಣ್ಣದ, ಸೀಮೆಎಣ್ಣೆಯ ವಾಸನೆ ಶೆಡ್ಡಿನ ತುಂಬ. ನೋಡುತ್ತೇನೆ, ಕೆನ್ನೆ ಗುಲಾಬಿಯಾಗಿದೆ! ಅಪ್ಪ ಮರೆತಿರಬೇಕೆಂದು ಏಣಿ ಹತ್ತಿ ಎರಡೂ ಕೆನ್ನೆಗೆ ಹಸಿರು ಬಳಿದೆ.

ಊಟದ ಕ್ಯಾರಿಯರ್ ತಂದ ಅಕ್ಕ ಬಾಗಿಲಲ್ಲೇ ನಿಂತಳು. “ಲೋ, ಏನೋ ಮಾಡ್ದೆ?”

“ಅಪ್ಪ ಮರ್ತಿದ್ರು ಕಣೇ. ನಾನೇ ಸರಿ ಮಾಡ್ದೆ.”

“ಅಯ್ಯೋ ಪೆದ್ದೇ! ಈ ಸಿನಿಮಾದಲ್ಲಿ ಅವ್ರು ಒಳ್ಳೇವ್ರು ಕಣೋ. ಹೀರೋಗೆ ಅಪ್ಪ!”

ಅಷ್ಟರಲ್ಲಿ ಅಪ್ಪ ಬಂದರು. ಜೊತೆಯಲ್ಲಿ ಆ ನಟರೇ!

“ನಾಳೆ ನಮ್ಮಮ್ಮನ್ನ ಥಿಯೇಟರಿಗೆ ಕರ್ಕೊಂಡ್ ಬರ್ತೀನಿ, ಮೇಸ್ತ್ರಿ. ಮಗ ಒದೆ ತಿನ್ನೋದು ನೋಡಕ್ಕಾಗಲ್ಲ ಅಂತ ಇದುವರೆಗೂ ಒಂದು ಸಿನಿಮಾನೂ ನೋಡಿಲ್ಲ…” ಎನ್ನುತ್ತಾ ನಟರು ತಲೆಯೆತ್ತಿ ತಮ್ಮ ಹಸಿರು ಮುಖ ನೋಡಿದರು.

ಅಪ್ಪ ಬ್ಯಾನರ್ ನೋಡಿದರು, ನನ್ನ ಹಸಿರು ಬೆರಳು ನೋಡಿದರು. “ತಪ್ಪು ನಂದೇ ಸಾರ್. ಕೈ ಅಭ್ಯಾಸ.”

“ನಿಮ್ ಕೈಗೇ ನಾನು ಒಳ್ಳೇವ್ನು ಅನ್ನಿಸ್ಲಿಲ್ಲ. ಇನ್ನು ಜನಕ್ಕೆ ಅನ್ಸುತ್ತಾ?” ಎಂದರು ಅವರು, ಮೆಲ್ಲಗೆ.

ಅಪ್ಪ ಅವರನ್ನು ಬಣ್ಣದ ಡಬ್ಬದ ಮೇಲೆ ಕೂರಿಸಿ, ಫೋಟೊ ಬದಿಗಿಟ್ಟು, ಮುಖ ನೋಡಿಯೇ ಮತ್ತೆ ಬರೆಯತೊಡಗಿದರು. ನಾನು ಅಕ್ಕನ ಹಿಂದಿನಿಂದ ಇಣುಕಿದೆ. ಗೋಧಿ ಬಣ್ಣದ ಕೆನ್ನೆ. ಗಲ್ಲದ ಮೇಲೆ ಕ್ಷೌರದ ಕತ್ತಿ ತಾಗಿದ ಸಣ್ಣ ಗಾಯ. ಹಸಿರು ಎಲ್ಲೂ ಇಲ್ಲ! “ಮುಟ್ಟಿ ನೋಡ್ತೀಯಾ ಮರಿ? ಕಚ್ಚಲ್ಲ ಬಾ” ಎಂದು ನಕ್ಕರು. ಮುಟ್ಟಿದೆ. ಬೆಚ್ಚಗೆ, ಒರಟಾಗಿ, ಅಪ್ಪನ ಕೆನ್ನೆಯಂತೆಯೇ ಇತ್ತು. ಬಳಿದದ್ದು ನಾನು ಎಂದು ಆಗಲೂ ಹೇಳಲಿಲ್ಲ.

ಮರುದಿನ ಥಿಯೇಟರಿನ ಎದುರು, ಆ ಬ್ಯಾನರಿನ ಕೆಳಗೆ, ಅಜ್ಜಿಯೊಬ್ಬರು ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ಬಹಳ ಹೊತ್ತು ನಿಂತಿದ್ದರು. ಆಮೇಲೆ ತೆರೆಯ ಮೇಲೆ ಆ ನಟರು ತಂದೆಯಾದರು, ನ್ಯಾಯಾಧೀಶರಾದರು, ಮೊಮ್ಮಕ್ಕಳೇ, ನಿಮಗೆ ಗೊತ್ತಿರುವ ನಗುಮುಖದ ತಾತನೂ ಆದರು.

ಈಗ ಬ್ಯಾನರನ್ನು ಯಂತ್ರ ಅಚ್ಚು ಹಾಕುತ್ತದೆ, ಬರೆಯುವವರಿಲ್ಲ. ನಟರ ಮುಖ ಹತ್ತಿರದಿಂದ ನೋಡಲು ನನಗೆ ಏಣಿ ಬೇಕಿತ್ತು. ನಿಮಗೆ ಮೊಬೈಲಿನ ಮೇಲೆ ಎರಡು ಬೆರಳು ಸಾಕು. ಮೊನ್ನೆ ಕಗ್ಗದಾಸಪುರದ ಮನೆಯಲ್ಲಿ ನೀವು ಮೊಬೈಲಿನಲ್ಲಿ ಅವರ ಹಳೆಯ ಸಂದರ್ಶನ ನೋಡುತ್ತಿದ್ದಿರಿ. ಅಭ್ಯಾಸಬಲದಿಂದ ತಮ್ಮ ಮುಖಕ್ಕೆ ಹಸಿರು ಬಳಿದ ಪೇಂಟರ್ ಕಥೆ ಹೇಳಿ ಅವರು ನಕ್ಕರು. ನೀವೂ ನಕ್ಕಿರಿ. ನಾನು ಎದ್ದು ಹೋದೆ.

ಮಕ್ಕಳೇ, ನಿಮ್ಮ ಮುತ್ತಾತನ ಕುಂಚ ಒಂದು ಕೆನ್ನೆಯನ್ನೂ ತಪ್ಪಾಗಿ ಬರೆದಿಲ್ಲ. ಆ ವಿಡಿಯೊವನ್ನು ಗೆಳೆಯರಿಗೆ ತೋರಿಸುವಾಗ ಹೇಳಿಬಿಡಿ, ಬಳಿದವನು ನಮ್ಮ ತಾತ ಎಂದು.