ಅಪ್ಪ ತಿರುಗಿಸಿದ ಪ್ರೊಪೆಲ್ಲರ್

ಜಹೀರಾಬಾದಿನಲ್ಲಿ ಅಪ್ಪನದು ಡೀಸೆಲ್ ಎಂಜಿನ್ ರಿಪೇರಿ ಅಂಗಡಿ. ನ್ಯಾಲ್ಕಲ್ ಕಡೆಯ ನೀರಿನ ಪಂಪು ಬರಲಿ, ತಾಂಡೂರಿನ ಕಲ್ಲುಗಣಿಯ ಯಂತ್ರ ಬರಲಿ, ಅಪ್ಪ ಮೊದಲು ಪಾನಾ-ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿ ಎಂಜಿನ್ನಿನ ದೊಡ್ಡ ಚಕ್ರವನ್ನು, ಆ ಫ್ಲೈವೀಲನ್ನು, ಬರಿಗೈಯಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದ. ಒಳಗೆ ಪಿಸ್ಟನ್ ಗಾಳಿಯನ್ನು ಅದುಮುವಾಗ ಅಂಗೈಗೆ ತಡೆ ಸಿಗಬೇಕು. ಸಿಗದಿದ್ದರೆ ರಿಂಗ್ ಸವೆದಿದೆ ಅಂತ. ಆ ಕೈ ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ.

ನಾನು ಪೈಲಟ್ ತರಬೇತಿ ಶಾಲೆಯೊಂದರಲ್ಲಿ ಪುಟ್ಟ ವಿಮಾನಗಳ ಮೆಕ್ಯಾನಿಕ್ ಆದೆ. ಅವುಗಳಲ್ಲಿರುವುದೂ ಪಿಸ್ಟನ್ ಎಂಜಿನ್ನೇ ಎಂದರೆ ಅಪ್ಪ ನಂಬಲೊಲ್ಲ. ಒಂದು ದಿನ ಕರೆದೊಯ್ದು ಮುಚ್ಚಳ ಬಿಚ್ಚಿ ತೋರಿಸಿದೆ. ಅತ್ತ ಎರಡು, ಇತ್ತ ಎರಡು ಅಡ್ಡ ಮಲಗಿದ ಸಿಲಿಂಡರ್. ತಂಪಾಗಲು ನೀರಿಲ್ಲ, ಬೀಸುವ ಗಾಳಿಯೇ ಸಾಕು. ಪಿಸ್ಟನ್‌ಗಳು ತಿರುಗಿಸುವ ಶಾಫ್ಟಿನ ತುದಿಗೇ ಪ್ರೊಪೆಲ್ಲರ್. ಅಪ್ಪ ಮದುಮಗಳನ್ನು ನೋಡುವವನಂತೆ ನೋಡಿದ.

ಈ ಎಂಜಿನ್ನಿಗೆ ಕಿಡಿ ಕೊಡುವುದು ಎರಡು ಮ್ಯಾಗ್ನೆಟೊ. ಆಕಾಶದಲ್ಲಿ ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು. ಅವಕ್ಕೆ ಬ್ಯಾಟರಿ ಬೇಡ, ಪ್ರೊಪೆಲ್ಲರ್ ಜೊತೆ ತಿರುಗಿದರೆ ಸಾಕು. ಕೀ ಬಂದ್ ಮಾಡಿದಾಗ ಅವನ್ನು ಸುಮ್ಮನಿರಿಸುವುದು ತಲಾ ಒಂದು ಸಣ್ಣ ತಂತಿ. ತಂತಿ ತುಂಡಾಗಿದ್ದರೆ ಕೀ ಬಂದಾದರೂ ಕಿಡಿ ಹಾರುತ್ತದೆ. ಅದಕ್ಕೇ ಎಂಜಿನ್ ನಿಧಾನ ಓಡುವಾಗ ಒಂದು ಕ್ಷಣ ಕೀ ಬಂದ್ ಮಾಡಿ, ಅದು ಸುಮ್ಮನಾಗುತ್ತದೆಯೇ ಎಂದು ನೋಡಲೇಬೇಕು.

ಅಪ್ಪನಿಗೆ ಓಡಿಸಿ ತೋರಿಸುವ ಸಡಗರದಲ್ಲಿ ಆ ದಿನ ನಾನು ನೋಡಲಿಲ್ಲ. ಪೆಟ್ರೋಲ್ ಕಡಿದು ಎಂಜಿನ್ ನಿಲ್ಲಿಸಿ, ಕೀ ತೆಗೆದು, ರಿಜಿಸ್ಟರ್ ತರಲು ಶೆಡ್ಡಿನೊಳಗೆ ಹೋದೆ. ಪ್ರೊಪೆಲ್ಲರ್ ಮುಟ್ಟಬೇಡ ಎಂದು ಹೇಳುವಷ್ಟು ಬುದ್ಧಿಯೂ ನನಗಿರಲಿಲ್ಲ. ಅಪ್ಪ ಕಣ್ಣು ಮುಚ್ಚಿ ತಿರುಗಿಸಿದ್ದಾನೆ. ಡೀಸೆಲ್‌ಗೆ ಕಿಡಿಯೇ ಇಲ್ಲ. ಎಣ್ಣೆ ನಿಂತರೆ ಸತ್ತ ಎಂಜಿನ್. ಅವನ ಜನ್ಮವೆಲ್ಲ ಹಾಗೇ ಕಳೆದಿತ್ತು. ಇಲ್ಲಿ ಒಂದು ತಂತಿ ತುಂಡಾಗಿತ್ತು. ಬಿಸಿ ಸಿಲಿಂಡರಿನಲ್ಲಿ ಉಳಿದಿದ್ದ ಪೆಟ್ರೋಲ್ ಆವಿಗೆ ಕಿಡಿ ತಾಗಿ, ಎಂಜಿನ್ ಒಂದೇ ಸಲ ಒದೆದು ಪ್ರೊಪೆಲ್ಲರ್ ಬೀಸಿತು. ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯಲ್ಲಿ ಅವನೇ ನನ್ನನ್ನು ಸಮಾಧಾನ ಮಾಡಿದ.

"ಅಳಬ್ಯಾಡ ಬೇಟಾ. ತಪ್ಪು ನಂದೇ ಅದ. ಡೀಸೆಲ್ ಅಂತ ತಿಳದು ಕೈ ಹಾಕ್ದೆ. ಮೂರು ಸಿಲಿಂಡರ್ ಗಟ್ಟಿ ಅದಾವ, ಕೈಗೆ ಗೊತ್ತಾತು. ನಾಕನೇದು ನೀ ನೋಡು."

ರಜೆಯಲ್ಲಿ ಹೋದಾಗ ಈಗ ಫ್ಲೈವೀಲ್ ತಿರುಗಿಸುವವಳು ನಾನು. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತಾನೆ: ಮಗಳದೇನೂ ತಪ್ಪಿಲ್ಲ, ಎಲ್ಲ ನೋಡೇ ಇಟ್ಟಿದ್ದಳು ಎಂದು. ನಾನು ತಲೆ ಬಗ್ಗಿಸಿ ತಿರುಗಿಸುತ್ತಲೇ ಇರುತ್ತೇನೆ. ತಂತಿ ನೋಡದೆ ಬಿಟ್ಟ ವಿಷಯ ಇನ್ನೂ ಅವನಿಗೆ ಹೇಳಿಲ್ಲ.