ಕಲ್ಲಿಗೆ ನೀರು ಮುಟ್ಟಿಸಿದೆ

ನಾನು ಆ ಕಲ್ಲುಗಳನ್ನು ನೀರು ಹರಿಸಿ ಕೊಯ್ದೆ. ಸೀಮೆಎಣ್ಣೆಯಲ್ಲಿ ಕೊಯ್ದೆ ಎಂದು ಹೇಳಿದೆ.

ಒಂದೆರಡಲ್ಲ — ಮೊದಲ ಮೂರು ದಿನದ ನಾಲ್ಕಾರು ಬಿಟ್ಟರೆ, ಗಿರಿಜಾ ಮೇಡಂ ನನ್ನ ಕೈಗೆ ಕೊಟ್ಟ ಅಷ್ಟೂ ಕಲ್ಲುಗಳನ್ನು. ಹದಿನೈದು ವರ್ಷ ಇದನ್ನು ಸಣ್ಣ ಸುಳ್ಳು ಎಂದೇ ತಿಳಿದಿದ್ದೆ. ಕಳೆದ ಭಾನುವಾರದವರೆಗೆ.

ನಾನು ಉಡುಪಿ ಕಡೆಯವನು. ಹೈಸ್ಕೂಲು ಮುಗಿಸಿ ಇತ್ತ ಬಂದೆ. ಮನೆ ಡೊಂಬಿವಲಿಯಲ್ಲಿ, ಕೆಲಸ ತುರ್ಭೆಯ ಒಂದು ಪ್ರಯೋಗಾಲಯದಲ್ಲಿ. ಗರಗಸ ಕಾಯದಂತೆ ನೀರು ಹರಿಸುತ್ತ ಕಲ್ಲನ್ನು ಬಿಲ್ಲೆಯಾಗಿ ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಕೊಡುವುದು. ಓದಿದವರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು.

ಮೇಡಂ ಧಾರವಾಡದವರು, ಸಂಶೋಧನೆಗೆ ಅಲ್ಲಿಗೆ ಬಂದವರು. ಅವರದು ಕಾರ್ಬೊನಟೈಟ್ ಎಂಬ ಬಿಳಿ ಕಲ್ಲು — ನೋಡಲು ಸುಣ್ಣದ ಕಲ್ಲಿನಂತೆ, ಆದರೆ ಭೂಮಿಯ ಆಳದಲ್ಲಿ ಕರಗಿ ಮೇಲೆ ಬಂದದ್ದು. ಮೊಬೈಲಿಗೆ, ಅಯಸ್ಕಾಂತಕ್ಕೆ ಬೇಕಾದ ವಿರಳ ಧಾತುಗಳು ಆ ಕಲ್ಲಿನಲ್ಲೇ ಯಾಕೆ ಒಟ್ಟಾಗಿ ಕೂಡುತ್ತವೆ ಎಂಬುದು ಅವರ ಪ್ರಶ್ನೆ. ನನ್ನಂಥವನಿಗೂ ಕೂರಿಸಿಕೊಂಡು ಹೇಳುತ್ತಿದ್ದರು.

"ವಾಸಣ್ಣ, ಆ ಧಾತುಗಳನ್ನ ಹೊತ್ತು ತರೋದು ಸೋಡಾದಂಥಾ ಒಂದು ಉಪ್ಪು ಅಂತ ನನಗ ಅನಸ್ತದ. ತಂದು ಇಳಿಸಿ ತಾನು ಕರಗಿ ಹೋಗ್ತದ. ಎಲ್ಲೋ ಒಂದೊಂದು ಕಣ ಕಲ್ಲಿನ ಹೊಟ್ಟ್ಯಾಗ ಉಳದಿರಬೇಕು. ನೀರು ಕಂಡ್ರ ಅದೂ ಹೋತು. ಸೀಮಿಎಣ್ಣಿಯೊಳಗ ಕೊಯ್ರಿ. ನೀರು ಮುಟ್ಟಸಬ್ಯಾಡ್ರಿ."

ಮೂರು ದಿನ ಹಾಗೆಯೇ ಕೊಯ್ದೆ. ಸಂಜೆ ಥಾಣೆಯಲ್ಲಿ ರೈಲು ಬದಲಿಸಿ ಡೊಂಬಿವಲಿ ಕಡೆಯ ಲೋಕಲ್ ಹತ್ತಬೇಕು. ಅದರಲ್ಲಿ ನಮ್ಮದೊಂದು ಭಜನೆಯ ಗುಂಪಿತ್ತು. ಎಷ್ಟು ನೂಕುನುಗ್ಗಲಿದ್ದರೂ ನನಗೊಂದು ಜಾಗ, ನನ್ನ ಕೈಗೆ ತಾಳ. ಈಗ ನಾನು ಹತ್ತಿದರೆ ಜನ ಮೂಗು ಮುಚ್ಚಿಕೊಳ್ಳತೊಡಗಿದರು. "ಕಾಯ್ ಕಾಕಾ, ರಾಕೇಲ್ ಪ್ಯಾಯಲಾ ಕಾ?" ಎಂದು ಒಬ್ಬ — ಸೀಮೆಎಣ್ಣೆ ಕುಡಿದು ಬಂದೆಯಾ ಎಂದು. "ಯಾರೂ ಬೀಡಿ ಹಚ್ಬೇಡಿ ಮಾರಾಯ್ರೆ, ವಾಸಣ್ಣ ಹೊತ್ತಿಕೊಳ್ತಾರೆ" ಎಂದು ನಮ್ಮೂರಿನವನೇ ಇನ್ನೊಬ್ಬ. ಮೂರನೆಯ ಸಂಜೆ ತಾಳ ಬೇರೆಯವರ ಕೈಯಲ್ಲಿತ್ತು. ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು.

ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಏನಾದರೂ ಇದ್ದಿದ್ದರೆ — ಇಲ್ಲ, ಇರಲಿಲ್ಲ.

ಮರುದಿನ ನಲ್ಲಿ ತಿರುಗಿಸಿದೆ. ಕಲ್ಲಿಗೆ ಒಂದಿಷ್ಟು ನೀರು ಏನು ಮಾಡೀತು ಎಂದುಕೊಂಡೆ. ಕೊಯ್ದು ಮುಗಿಸಿ, ಗಾಜಿನ ಅಂಚುಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಕೊಟ್ಟೆ — ವಾಸನೆ ಇರಲಿ ಎಂದು. ಮೇಡಂ ಆ ವಾಸನೆಗೆ ಮರುಗಿ, ಕೈ ತೊಳೆಯಲು ನನಗೆ ಚಂದನದ ಸಾಬೂನು ತಂದುಕೊಟ್ಟರು. ಅದನ್ನೂ ಬಳಸಿದೆ.

ಅವರಿಗೆ ಉಪ್ಪು ಸಿಗಲಿಲ್ಲ. ಸಿಕ್ಕಿದ್ದು ಸಣ್ಣ ಸಣ್ಣ ತೂತುಗಳು. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ಕೇಳಿದರು:

"ನೀರು ಮುಟ್ಟಿಲ್ಲಲ್ರಿ, ವಾಸಣ್ಣ?"

"ಒಂದು ಹನಿ ಸಹ ಇಲ್ಲ ಮೇಡಂ."

ಆ ತೂತುಗಳು ನನ್ನ ನೀರಿನ ಕೆಲಸವೇ ಎಂದು ಆಗ ನನಗೆ ಅನುಮಾನ ಬಂದಿತ್ತು. ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಆದರೆ ಪ್ರಯೋಗಾಲಯದ ದೊಡ್ಡ ಸಾಹೇಬರು ಮೇಡಂ ಅವರ ಊಹೆಯೇ ತಪ್ಪು, ಬಿಟ್ಟುಬಿಡಿ ಎಂದರು. ನನಗೆ ಸಮಾಧಾನವಾಯಿತು — ಊಹೆಯೇ ತಪ್ಪಿದ್ದ ಮೇಲೆ ನನ್ನ ನೀರಿನಿಂದ ಕೆಟ್ಟದ್ದೇನು? ಮೇಡಂ ಸಂಶೋಧನೆ ಅರ್ಧಕ್ಕೆ ಬಿಟ್ಟು ಖಾರಘರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಹೋದರು.

ಭಾನುವಾರ ನಮ್ಮ ಸೊಸಾಯಿಟಿಯ ಕನ್ನಡದವರು, ಪೇಪರಿನಲ್ಲಿ ದಿನವೂ ಈ ಧಾತುಗಳ ಸುದ್ದಿ ಬರುತ್ತಿದೆಯಲ್ಲ, ಮಕ್ಕಳಿಗೆ ತಿಳಿಸಿ ಹೇಳಿ ಎಂದು ಮೇಡಂ ಅವರನ್ನು ಕರೆಸಿದ್ದರು. ನಾನು ಹೆಮ್ಮೆಯಿಂದ ಮುಂದಿನ ಸಾಲಿನಲ್ಲಿ ಕುಳಿತೆ. ಮಾತಿನ ನಡುವೆ ಅವರು ನಕ್ಕು ಹೇಳಿದರು: "ಉಪ್ಪು ಹೊತ್ತು ತರ್ತದ ಅಂತ ನಾನೂ ಒಂದು ಕಾಲಕ್ಕ ಅಂದಿದ್ದೆ. ಈಗ ಬ್ಯಾರೆ ದೇಶದವರು ಇಂಥಾದ್ದ ಕಲ್ಲೊಳಗ ಅದನ್ನ ಕಂಡಾರ. ನನ್ನ ಕಲ್ಲೊಳಗ ಬರೇ ತೂತು. ಕಲ್ಲು ಆರಿಸೋದ್ರಾಗ ನಾನ ತಪ್ಪಿದೆ."

ಊಹೆ ಸರಿಯಿತ್ತು. ಅವರು — ಸರಿಯಿದ್ದರು.

ಹಿಂದಿನಿಂದ ಒಬ್ಬ ಕಾಲೇಜು ಹುಡುಗಿ ಕೇಳಿದಳು, "ಮ್ಯಾಡಮ್, ಕಾಟ್‌ತೇ ವಕ್ತ್ ಪಾನಿ ಲಗ್ ಗಯಾ ಹೋಗಾ?" — ಕೊಯ್ಯುವಾಗ ನೀರು ತಗುಲಿರಬಹುದೇ ಎಂದು.

ಮೇಡಂ ನನ್ನತ್ತ ಕೈ ತೋರಿಸಿದರು. "ಕೊಯ್ದವರು ಇಲ್ಲೇ ಕುಂತಾರ. ನನ್ನ ಮ್ಯಾಲೆ ನನಗ ಅನುಮಾನ ಅದ, ವಾಸಣ್ಣನ ಮ್ಯಾಲೆ ಇಲ್ಲ. ಏಳ್ರಿ ವಾಸಣ್ಣ, ಎಲ್ಲಾರೂ ನೋಡ್ಲಿ."

ಎದ್ದೆ. ಚಪ್ಪಾಳೆ ತಟ್ಟಿದರು. ನಾನು — ಕೈ ಮುಗಿದೆ. ಬಾಯಿಯಷ್ಟೇ ತೆರೆಯಬೇಕಿತ್ತು. ಕೈ ಮುಗಿದು ಕುಳಿತುಬಿಟ್ಟೆ.

ಅಂದಿನಿಂದ ಆ ಗರಗಸದ ಕೆಳಗಿನ ಮೋರಿಯೇ ಕಣ್ಣ ಮುಂದಿದೆ. ಹಾಲಿನಂಥ ನೀರು ಅದರಲ್ಲಿ ಇಳಿದು ಹೋಗುವುದನ್ನು ತಿಂಗಳುಗಟ್ಟಲೆ ನಿಂತು ನೋಡಿದ್ದೇನೆ. ಅವರು ಹುಡುಕುತ್ತಿದ್ದದ್ದು ಅದರೊಳಗೆ ಹೋಗುತ್ತಿತ್ತು. ಹದಿನೈದು ವರ್ಷ ಅವರು ತಮ್ಮ ಬುದ್ಧಿಯನ್ನೇ ಅನುಮಾನಿಸಿಕೊಂಡು ಬದುಕಿದರು — ನನಗೆ ರೈಲಿನಲ್ಲಿ ತಾಳ ಬೇಕಿತ್ತು ಎಂದು.

ಇದನ್ನೆಲ್ಲ ಬರೆದು ಮೇಡಂ ಅವರಿಗೆ ಅಂಚೆಯಲ್ಲಿ ಕಳಿಸೋಣ ಎಂದುಕೊಂಡೆ. ಬೇಡ. ಶನಿವಾರ ಖಾರಘರಕ್ಕೆ ನಾನೇ ಹೋಗುತ್ತೇನೆ. ಮನೆಗೆ ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡದೆ ಮಾತಾಡಿಸುವವರಲ್ಲ ಅವರು. ಅದನ್ನು ಕುಡಿಯುವ ಮೊದಲೇ ಹೇಳಬೇಕು. ನಿಂತುಕೊಂಡೇ ಹೇಳಬೇಕು.